ನೋವು ಒಂದು ಕಡೆ, ಸೂಜಿ ಇನ್ನೊಂದು ಕಡೆ: ಬಿಂದು ಆರಿಸುವ ಲೆಕ್ಕ ಹೇಗೆ?

ಬಿಎನ್‌ವೈಎಸ್ ಇಂಟರ್ನ್:

ಹಿರಿಯರೆಲ್ಲರಿಗೂ ನಮಸ್ಕಾರ. ಅಕ್ಯುಪಂಕ್ಚರ್ ಪುಸ್ತಕಗಳಲ್ಲಿ ಪ್ರತಿ ಬಿಂದುವಿನ ಕೆಳಗೂ ಅದು ಯಾವ್ಯಾವ ನೋವಿಗೆ ಅಂತ ಉದ್ದದ ಪಟ್ಟಿ ಇರುತ್ತೆ. ಆದರೆ ಭುಜದ ಮುಂಭಾಗ ನೋಯುತ್ತೆ ಅನ್ನುವ ಒಬ್ಬರೇ ರೋಗಿಗೆ ಮೂರು ಜಾಗ ಸಿಗುತ್ತವೆ (ಅಕ್ಷರಗಳು ಮೆರಿಡಿಯನ್, ಅಂದರೆ ಶಕ್ತಿ ಹರಿಯುತ್ತೆ ಅಂತ ಪರಂಪರೆ ನಂಬುವ ಗೆರೆಯ ಹೆಸರು; ಅಂಕಿ ಅದರ ಮೇಲಿನ ಬಿಂದುವಿನ ಸಂಖ್ಯೆ). ಒಂದು, ನೋಯುವಲ್ಲೇ ಎಲ್‌ಐ 15. ಇನ್ನೊಂದು, ಹಿಂದೆ ಹೆಗಲೆಲುಬಿನ ಮೇಲೆ ಎಸ್‌ಐ 11. ಮತ್ತೊಂದು, ಮೊಣಕಾಲಿನ ಕೆಳಗೆ ಎಸ್‌ಟಿ 38. ಮೂರೂ ಸರಿ ಇರಲು ಹೇಗೆ ಸಾಧ್ಯ? ರೋಗಿ ಕೈಯಿಟ್ಟು ತೋರಿಸುವ ಜಾಗಕ್ಕೂ ನಾವು ಸೂಜಿ ಹಾಕುವ ಜಾಗಕ್ಕೂ ಯಾವ ಆಧಾರದ ಮೇಲೆ ನಂಟು? "ಮೆರಿಡಿಯನ್ ಅಲ್ಲಿಂದ ಹಾದುಹೋಗುತ್ತೆ" ಅನ್ನುವುದನ್ನು ಬಿಟ್ಟು ಬೇರೆ ವಿವರಣೆ ಬೇಕಿತ್ತು.

ಸೂಜಿಮೊನೆ:

ಮೂರೂ ಸರಿ ಇರಬಹುದು, ಆದರೆ ಮೂರೂ ಮಾಡುವ ಕೆಲಸ ಒಂದೇ ಅಲ್ಲ. ಎಲ್‌ಐ 15 ನೋವು ಕಾಣಿಸಿಕೊಂಡ ಜಾಗ. ಎಸ್‌ಐ 11 ಬಹಳ ಸಲ ನೋವು ಹುಟ್ಟುವ ಜಾಗ. ಎಸ್‌ಟಿ 38 ಎರಡೂ ಅಲ್ಲ, ದೂರದಿಂದ ನೋವಿನ ಒಟ್ಟು ಮಟ್ಟ ಇಳಿಸಲು ಹಾಕುವುದು. ಪುಸ್ತಕದ ಪಟ್ಟಿ ಈ ಮೂರನ್ನೂ ಕಲಸಿ ಒಂದೇ ಸಾಲಿನಲ್ಲಿ ಕೊಡುತ್ತದೆ, ಗೊಂದಲ ಅಲ್ಲಿಂದಲೇ ಶುರು.

ಹೆಗಲೆಲುಬಿನ ಹಿಂಬದಿಯಲ್ಲಿ ಹರಡಿಕೊಂಡಿರುವುದು ಇನ್‌ಫ್ರಾಸ್ಪೈನೇಟಸ್ ಸ್ನಾಯು. ಅದರಲ್ಲಿ ಬಿಗಿದ ಎಳೆಯೊಂದಿದ್ದರೆ ರೋಗಿಗೆ ನೋವು ಬೆನ್ನಲ್ಲಿ ಗೊತ್ತಾಗುವುದಿಲ್ಲ. ಭುಜದ ಮುಂದೆ, ಕೀಲಿನ ಆಳದಲ್ಲಿ ಗೊತ್ತಾಗುತ್ತೆ, ಕೆಲವರಿಗೆ ತೋಳಿನ ಹೊರಬದಿಯಲ್ಲಿ ಕೆಳಗೂ ಇಳಿಯುತ್ತೆ. ಜಾನೆಟ್ ಟ್ರಾವೆಲ್ ಮತ್ತು ಡೇವಿಡ್ ಸೈಮನ್ಸ್ 1983ರ ಟ್ರಿಗರ್ ಪಾಯಿಂಟ್ (ಬಿಗಿದ ಎಳೆಯಲ್ಲಿ ಒತ್ತಿದರೆ ನೋಯುವ ತಾಣ) ಕೈಪಿಡಿಯಲ್ಲಿ ಬರೆದ ನಕ್ಷೆಯೂ ಇದನ್ನೇ ಹೇಳುತ್ತೆ. ಹಾಗಾಗಿ ಮುಂದೆ ನೋಯುತ್ತೆ ಅಂತ ಮುಂದೆಯೇ ಚುಚ್ಚುತ್ತಾ ಹೋದರೆ ಬೈಸೆಪ್ಸ್ ಸ್ನಾಯುರಜ್ಜುವಿಗೆ ಕಿರಿಕಿರಿ ಮಾಡಿದಂತಾಗುತ್ತೆ ಅಷ್ಟೇ, ನೋವು ಅಲ್ಲೇ ಇರುತ್ತೆ.

ಎಸ್‌ಐ 11 ಹುಡುಕುವುದು ಹೀಗೆ. ಹೆಗಲೆಲುಬಿನ ಏಣಿನ ನಡುಮಧ್ಯದಿಂದ ಅದರ ಕೆಳತುದಿಗೆ ಒಂದು ಗೆರೆ ಊಹಿಸಿಕೊಳ್ಳಿ. ಮೇಲಿನ ಮೂರನೇ ಒಂದು ಭಾಗ ಮುಗಿಯುವಲ್ಲಿ ಬಿಂದು. ಆದರೆ ಗೆರೆ ಎಳೆದ ಕೂಡಲೇ ಚುಚ್ಚಬೇಡಿ, ಅದು ಹುಡುಕಾಟ ಶುರು ಮಾಡುವ ಜಾಗ ಮಾತ್ರ. ಸುತ್ತ ಎರಡು ಮೂರು ಸೆಂಟಿಮೀಟರ್ ಒತ್ತಿ ನೋಡಿ, ಯಾವ ತಾಣ ಒತ್ತಿದಾಗ ರೋಗಿ "ಹಾಂ, ಮುಂದೆ ನೋಯುವುದು ಇದೇ" ಅನ್ನುತ್ತಾರೋ ಅಲ್ಲಿ ಹಾಕಿ.

ಈ ಪದ್ಧತಿ ಹೊಸದೂ ಅಲ್ಲ, ಪಾಶ್ಚಾತ್ಯರದ್ದೂ ಅಲ್ಲ. ಟಾಂಗ್ ರಾಜವಂಶದ ಕಾಲದ ವೈದ್ಯ ಸುನ್ ಸಿಮಿಯಾವ್ 7ನೇ ಶತಮಾನದಲ್ಲೇ ಇದನ್ನು ಆ-ಶಿ ಬಿಂದು ಎಂದು ಕರೆದಿದ್ದ. ಒತ್ತಿದಾಗ ರೋಗಿ "ಆ, ಅದೇ!" ಅನ್ನುವ ಜಾಗ. ಅದಕ್ಕೆ ನಂಬರೂ ಇಲ್ಲ, ನಕ್ಷೆಯಲ್ಲಿ ಸ್ಥಾನವೂ ಇಲ್ಲ.

ಫಿಸಿಯೋ ಧಾರವಾಡ:

ಒತ್ತೂದಕ್ಕೂ ಒಂದ್ ರೀತಿ ಐತ್ರಿ, ಅದನ್ನ ಯಾರೂ ಸರಿಯಾಗಿ ಕಲಸೂದಿಲ್ಲ. ಬೆರಳ ತುದಿ ಚುಚ್ಚಿ ಒತ್ತಿದರ ಯಾರಿಗಾದ್ರೂ ನೋವಾಗೇ ಆಗ್ತದ. ಸ್ನಾಯುವಿನ ಎಳೆ ಯಾವ ದಿಕ್ಕಿಗೆ ಅದ ನೋಡ್ರಿ. ಇನ್‌ಫ್ರಾಸ್ಪೈನೇಟಸ್ ಎಳೆ ಹೆಗಲೆಲುಬಿನ ಒಳಅಂಚಿನಿಂದ ಭುಜದ ಕಡೆ ಹೋಗ್ತಾವ. ಬೆರಳು ಚಪ್ಪಟೆ ಇಟ್ಟು ಆ ಎಳೆಗೆ ಅಡ್ಡ, ಅಂದ್ರ ಮೇಲಿಂದ ಕೆಳಗ, ಚರ್ಮದ ಜೋಡಿ ಜರುಗಿಸ್ರಿ. ಬಿಗಿದ ಎಳೆ ಸಣ್ಣ ತಂತಿ ಹಂಗ ಬೆರಳಡಿ ಉರುಳ್ತದ. ಆ ತಂತಿ ಉದ್ದಕ್ಕ ಹೋಗಿ ಎಲ್ಲಿ ಭಾಳ ನೋಯ್ತದೋ ಅಲ್ಲಿ 5ರಿಂದ 10 ಸೆಕೆಂಡ್ ಹಿಡೀರಿ. ಹರಡುವ ನೋವು ಕೂಡ್ಲೇ ಬರೂದಿಲ್ಲ, ತುಸು ತಡಿಬೇಕು. ಎರಡು ಸೆಕೆಂಡಿಗೇ ಕೈ ತಗದು "ಏನೂ ಇಲ್ಲ" ಅಂತ ಬರಕೊಳ್ಳೂದು ದೊಡ್ಡ ತಪ್ಪು.

ಸೂಜಿ 0.25 × 40 ಮಿ.ಮೀ. ಸಾಕು. ರೋಗಿನ ಬೋರಲು ಅಥವಾ ಇನ್ನೊಂದು ಮಗ್ಗುಲಿಗೆ ಮಲಗಿಸ್ರಿ. ಕೂಡಿಸಿ ಹಾಕಬ್ಯಾಡ್ರಿ, ತಲಿ ತಿರುಗಿ ಬೀಳೂದು ಕೂತವರಿಗೇ ಹೆಚ್ಚು. ಕೆಳಗ ಎಲುಬು ಇರೂದರಿಂದ ಈ ಜಾಗ ಸುರಕ್ಷಿತ ಅಂತಾರ, ಖರೇ. ಆದ್ರ ಹೆಗಲೆಲುಬಿನ ಅಂಚು ದಾಟಿದ್ರ ಕೆಳಗ ಪಕ್ಕೆಲುಬು, ಅದರ ನಡುವ ಶ್ವಾಸಕೋಶ. ಅದಕ್ಕ ಚುಚ್ಚೂಕಿಂತ ಮೊದಲು ಒಳಅಂಚು, ಹೊರಅಂಚು ಎರಡೂ ಬೆರಳಿಂದ ಗುರುತು ಹಾಕ್ಕೋರಿ. ಸೂಜಿ ಸರಿಯಾದ ಎಳೆಗೆ ತಾಗಿದ್ರ ಸ್ನಾಯು ಒಮ್ಮೆ ಫಕ್ಕನೆ ಅದುರ್ತದ.

ಇನ್ನೊಂದು. ಸೂಜಿ ಮೊದಲು ಕೀಲು ನೋಡ್ರಿ. ಮೊಣಕೈ ಪಕ್ಕೆಗೆ ಹಚ್ಚಿ, ರೋಗಿಯ ಕೈ ನೀವೇ ಹೊರಗ ತಿರುಗಿಸ್ರಿ. ನೀವು ತಿರುಗಿಸಿದ್ರೂ ತಿರುಗಲಿಲ್ಲ ಅಂದ್ರ ಅದು ಫ್ರೋಜನ್ ಶೋಲ್ಡರ್ ಇರಬಹುದು, ಸಕ್ಕರೆ ಕಾಯಿಲೆ ಇದ್ದವರಿಗೆ ಹೆಚ್ಚು. ಅಲ್ಲಿ ಬಿಗಿದಿರೂದು ಕೀಲಿನ ಚೀಲ. ಎಸ್‌ಐ 11 ಹಾಕಿದ್ರ ನೋವು ತುಸು ಇಳೀಬಹುದು, ಕೈ ಮಾತ್ರ ತಿರುಗೂದಿಲ್ಲ.

ನರಜಾಲ:

ನೋವು ಚಿಕಿತ್ಸೆಯ ಕಡೆಯಿಂದ ಎರಡು ಮಾತು. ಸ್ನಾಯುವಿನಲ್ಲಿ ಹುಟ್ಟಿದ ನೋವು ಬೇರೆ ಕಡೆ ಅನುಭವಕ್ಕೆ ಬರುತ್ತೆ ಅನ್ನುವುದನ್ನು ಲಂಡನ್ನಿನ ಕೆಲ್‌ಗ್ರೆನ್ 1938ರಲ್ಲೇ ತೋರಿಸಿದ್ದ. ಶೇ 6ರ ಉಪ್ಪುನೀರನ್ನು ಸ್ವಯಂಸೇವಕರ ಸ್ನಾಯುಗಳಿಗೆ, ಬೆನ್ನೆಲುಬಿನ ಅಸ್ಥಿರಜ್ಜುಗಳಿಗೆ ಚುಚ್ಚಿ, ಎಲ್ಲಿ ನೋಯುತ್ತೆ ಅಂತ ಗುರುತು ಹಾಕಿಸಿದ. ಕಾರಣ ಇಷ್ಟು: ಚರ್ಮದಿಂದ, ಸ್ನಾಯುವಿನಿಂದ, ಒಳಾಂಗದಿಂದ ಬರುವ ನರತಂತುಗಳು ಬೆನ್ನುಹುರಿಯಲ್ಲಿ ಅವೇ ನರಕೋಶಗಳ ಮೇಲೆ ಬಂದು ಸೇರುತ್ತವೆ. ಮಿದುಳಿಗೆ ಮೂಲ ಯಾವುದೆಂದು ಬಿಡಿಸಿ ಹೇಳಲು ಆಗುವುದಿಲ್ಲ. ಇನ್‌ಫ್ರಾಸ್ಪೈನೇಟಸ್‌ಗೆ ಬರುವುದು ಸಿ5, ಸಿ6 ನರ (ಬೆನ್ನುಹುರಿಯಿಂದ ಹೊರಡುವ ನರಗಳ ಗುರುತು: ಸಿ ಕುತ್ತಿಗೆ, ಟಿ ಎದೆ, ಎಲ್ ಸೊಂಟ, ಎಸ್ ಸೊಂಟದ ಕೆಳಗಿನ ತ್ರಿಕಾಸ್ಥಿಯ ಮಟ್ಟ). ಭುಜದ ಮುಂಭಾಗಕ್ಕೂ ಹೆಚ್ಚುಕಡಿಮೆ ಅವೇ. ಮೆರಿಡಿಯನ್ ಹೆಸರು ಎತ್ತದೆಯೂ ಈ ನಂಟು ಅರ್ಥವಾಗುತ್ತೆ.

ಆದರೆ ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ "ಟ್ರಿಗರ್ ಪಾಯಿಂಟ್ ಅಂದರೇ ಅಕ್ಯುಪಂಕ್ಚರ್ ಬಿಂದು" ಅನ್ನುವವರಿದ್ದಾರೆ, ಅದನ್ನು ಒಪ್ಪಲಾರೆ. ಇದರ ಮೂಲ 1977ರ ಮೆಲ್ಜಾಕ್, ಸ್ಟಿಲ್‌ವೆಲ್, ಫಾಕ್ಸ್ ಲೇಖನ. ಶೇ 71 ಹೊಂದಾಣಿಕೆ ಇದೆ ಎಂದು ಅದರಲ್ಲಿ ಬರೆದರು. ನೋವಿನ ಸಂಕೇತವನ್ನು ಬೆನ್ನುಹುರಿ ತಡೆಯಬಲ್ಲದು ಅನ್ನುವ ಗೇಟ್ ಸಿದ್ಧಾಂತದ ಮೆಲ್ಜಾಕ್ ಹೆಸರಿದ್ದದ್ದರಿಂದ ಎಲ್ಲರೂ ಅದನ್ನೇ ಉದ್ಧರಿಸುತ್ತಾ ಬಂದರು. ಅಲ್ಲಿ ಹೊಂದಾಣಿಕೆ ಎಂದರೆ ಎರಡು ಬಿಂದುಗಳ ನಡುವೆ 3 ಸೆಂ.ಮೀ. ಒಳಗಿನ ಅಂತರ.

ಒಂದು ಲೆಕ್ಕ ಹಾಕಿ ನೋಡಿ. ಪ್ರಮಾಣಿತ ಬಿಂದುಗಳು 361. ಅದರಲ್ಲಿ 52 ಮೈಯ ನಡುಗೆರೆಯಲ್ಲಿ, ಉಳಿದ 309 ಎಡಕ್ಕೂ ಬಲಕ್ಕೂ ಇವೆ. ಒಟ್ಟು 670 ಜಾಗ. 3 ಸೆಂ.ಮೀ. ತ್ರಿಜ್ಯದ ಒಂದು ವೃತ್ತ ಅಂದರೆ 28 ಚದರ ಸೆಂ.ಮೀ. ಗುಣಿಸಿದರೆ 18,900 ಹತ್ತಿರ ಬರುತ್ತೆ. ವಯಸ್ಕರ ಇಡೀ ಚರ್ಮವೇ ಸುಮಾರು 17,000 ಚದರ ಸೆಂ.ಮೀ. ಕೈ, ಪಾದ, ಮುಖದಲ್ಲಿ ಬಿಂದುಗಳು ಒತ್ತೊತ್ತಾಗಿ ಇರುವುದರಿಂದ ವೃತ್ತಗಳು ಒಂದರ ಮೇಲೊಂದು ಬೀಳುತ್ತವೆ, ಮೈಯೆಲ್ಲ ಮುಚ್ಚುವುದಿಲ್ಲ, ಒಪ್ಪಿದೆ. ಆದರೂ ಕಣ್ಣುಮುಚ್ಚಿ ಬೆರಳಿಟ್ಟರೂ ಯಾವುದೋ ಒಂದು ಬಿಂದು 3 ಸೆಂ.ಮೀ. ಒಳಗೆ ಸಿಗುವ ಸಂಭವವೇ ಹೆಚ್ಚು. ಅಂಥ ಅಳತೆಗೋಲಿನಲ್ಲಿ ಶೇ 71 ಬಂದದ್ದು ದೊಡ್ಡ ಸುದ್ದಿಯಲ್ಲ.

ಸೂಜಿಮೊನೆ:

ಡಾಕ್ಟ್ರೇ, ಲೆಕ್ಕ ಚೆನ್ನಾಗಿದೆ, ಆಕ್ಷೇಪವೂ ನ್ಯಾಯವೇ. 2003ರಲ್ಲಿ ಸ್ಟೀಫನ್ ಬರ್ಚ್ ಅದನ್ನೇ ಬೇರೆ ದಾರಿಯಿಂದ ಹೇಳಿದರು. ಜಾಗ ಹತ್ತಿರ ಇದ್ದರೆ ಸಾಲದು, ಆ ಬಿಂದುವನ್ನು ಪರಂಪರೆಯಲ್ಲಿ ಅದೇ ನೋವಿಗೆ ಬಳಸುತ್ತಿದ್ದರೇ ಎಂದೂ ನೋಡಬೇಕು ಎಂದು ಶೋಧಿಸಿದಾಗ ಹೊಂದಾಣಿಕೆ ಶೇ 18–19ಕ್ಕೆ ಇಳಿಯಿತು. ಅವರು ಸ್ವತಃ ಅಕ್ಯುಪಂಕ್ಚರ್‌ನವರೇ. ಟ್ರಿಗರ್ ಪಾಯಿಂಟಿಗೆ ಹೋಲಿಸುವುದಾದರೆ ಆ-ಶಿ ಬಿಂದುವಿಗೆ ಹೋಲಿಸಿ ಅಂತ ಅವರ ವಾದ. ಪೀಟರ್ ಡಾರ್ಷರ್ ಆಮೇಲೆ ಶೇ 90ಕ್ಕೂ ಮೇಲೆ ಅಂದರು, ಇಬ್ಬರ ನಡುವೆ ಲೇಖನಗಳಲ್ಲೇ ಜಗಳ ನಡೆಯಿತು. ನನ್ನ ಮತ ಬರ್ಚ್ ಕಡೆಗೆ.

ಅಳತೆಯ ವಿಷಯ ಬಂತಲ್ಲ, ಒಂದು ಹೇಳಿಬಿಡುತ್ತೇನೆ. ಬಿಂದು ತಪ್ಪುವುದಕ್ಕೆ ಮೊದಲ ಕಾರಣ ಚುನ್. ಒಂದು ಚುನ್ ಅಂದರೆ ರೋಗಿಯ ಹೆಬ್ಬೆರಳಿನ ಗಿಣ್ಣಿನ ಅಗಲ, ನಾಲ್ಕು ಬೆರಳು ಜೋಡಿಸಿದರೆ 3 ಚುನ್. ರೋಗಿಯ ಬೆರಳು, ನಮ್ಮದಲ್ಲ. ಆರಡಿ ವೈದ್ಯ ತನ್ನ ಕೈಯಲ್ಲಿ ಅಳೆದು ಐದಡಿ ಅಜ್ಜಿಗೆ ಎಸ್‌ಟಿ 36 ಗುರುತಿಸಿದರೆ ಒಂದು ಒಂದೂವರೆ ಸೆಂ.ಮೀ. ಕೆಳಗೆ ಬೀಳುತ್ತೆ. ಉದ್ದದ ಅಂತರಕ್ಕೆ ಬೆರಳಿಗಿಂತ ಅವಯವವನ್ನೇ ಭಾಗ ಮಾಡುವುದು ಒಳ್ಳೆಯದು: ಮೊಣಕೈ ಮಡಿಕೆಯಿಂದ ಮಣಿಕಟ್ಟಿನ ಮಡಿಕೆಗೆ 12 ಚುನ್, ಮಂಡಿ ಹಿಂದಿನ ಮಡಿಕೆಯಿಂದ ಹೊರ ಕಣಕಾಲಿನ ಗಂಟಿಗೆ 16. ವಿಶ್ವ ಆರೋಗ್ಯ ಸಂಸ್ಥೆಯ ಪಶ್ಚಿಮ ಪೆಸಿಫಿಕ್ ಕಚೇರಿ 2008ರಲ್ಲಿ 361 ಬಿಂದುಗಳ ಸ್ಥಾನವನ್ನು ಪ್ರಕಟಿಸಿದ್ದೂ ಈ ಗೊಂದಲ ಕಡಿಮೆ ಮಾಡಲಿಕ್ಕೆ. ಚೀನಾ, ಜಪಾನ್, ಕೊರಿಯಾದವರೇ ಅದಕ್ಕೂ ಮೊದಲು ಎಷ್ಟೋ ಬಿಂದುಗಳ ಜಾಗದ ಬಗ್ಗೆ ಒಮ್ಮತಕ್ಕೆ ಬಂದಿರಲಿಲ್ಲ.

ಬಿಎನ್‌ವೈಎಸ್ ಇಂಟರ್ನ್:

ತುಂಬಾ ಉಪಯೋಗವಾಯಿತು. ಹಾಗಾದರೆ ಸಯಾಟಿಕಾ? ಪಿರ್ರೆಯಿಂದ ಕಾಲಿನ ಹೊರಬದಿಯಲ್ಲಿ ಕಣಕಾಲಿನವರೆಗೆ ನೋವು ಎಂದರೆ ನೇರವಾಗಿ ಪಿತ್ತಕೋಶದ ಮೆರಿಡಿಯನ್. ಜಿಬಿ 30, ಜಿಬಿ 34, ಜಿಬಿ 39 ಹಾಕುವುದು ರೂಢಿ. ಇಲ್ಲಿ ನೋವಿನ ದಾರಿಗೂ ಮೆರಿಡಿಯನ್‌ಗೂ ಅಷ್ಟು ಚೆನ್ನಾಗಿ ತಾಳೆಯಾಗುತ್ತಲ್ಲ?

ಫಿಸಿಯೋ ಧಾರವಾಡ:

ತಾಳೆ ಆಗ್ತದ, ಅದಕ್ಕೇ ಹುಷಾರಾಗಿರಬೇಕ್ರಿ. ಅದೇ ದಾರಿಗೆ ಮೂರು ಬ್ಯಾರೆ ಬ್ಯಾರೆ ತೊಂದರೆ ನೋವು ಕಳಸ್ತಾವ.

ಒಂದನೇದು ಗ್ಲೂಟಿಯಸ್ ಮಿನಿಮಸ್, ಪಿರ್ರೆಯ ಎಲ್ಲಾಕಿಂತ ಆಳದ ಸ್ನಾಯು. ಅದರ ಮುಂದಿನ ಎಳೆಗಳಿಂದ ನೋವು ತೊಡೆ ಹೊರಬದಿ, ಕಾಲ ಹೊರಬದಿ ಹಿಡಕೊಂಡು ಕಣಕಾಲಿನ ತನಕ ಹೋಗ್ತದ. ಹಿಂದಿನ ಎಳೆಗಳಿಂದ ತೊಡೆ ಹಿಂದ, ಮೀನಖಂಡಕ್ಕ. ಅಂದ್ರ ಒಂದ್ ಕಡೆ ಜಿಬಿ ದಾರಿ, ಇನ್ನೊಂದ್ ಕಡೆ ಬಿಎಲ್ (ಮೂತ್ರಕೋಶದ ಮೆರಿಡಿಯನ್) ದಾರಿ. ಎರಡನೇದು ಎಲ್5 ನರದ ಬುಡ ಒತ್ತಿದ್ದು. ಮೂರನೇದು ಸೊಂಟದ ಹೊರ ಗಂಟಿಗೆ ಅಂಟುವ ಸ್ನಾಯುರಜ್ಜುವಿನ ಸವೆತ, ನಲವತ್ತು ದಾಟಿದ ಹೆಣ್ಮಕ್ಕಳಿಗೆ ಹೆಚ್ಚು, ಆ ಮಗ್ಗುಲಿಗೆ ಮಲಗಾಕ ಆಗೂದಿಲ್ಲ ಅಂತಾರ.

ಬೇರೆ ಮಾಡೂದು ಹೆಂಗ? ಅಂಗಾತ ಮಲಗಿಸಿ ಮಂಡಿ ಮಡಚದಂಗ ಕಾಲು ಎತ್ತರಿ. 30ರಿಂದ 70 ಡಿಗ್ರಿ ನಡುವ ಮಂಡಿ ದಾಟಿ ಕೆಳಗ ಸೆಳೆದ್ರ ನರ. ಬರೇ ತೊಡೆ ಹಿಂದ ಬಿಗಿದ್ರ ಅದು ಹ್ಯಾಮ್‌ಸ್ಟ್ರಿಂಗ್, ಅದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ. ಪಾದದ ಮೇಲ್ಗಡೆ, ಹೆಬ್ಬೆರಳ ಕಡೆ ಜೋಮು ಇದ್ದು ಹೆಬ್ಬೆರಳು ಮ್ಯಾಲೆತ್ತೂ ಶಕ್ತಿ ಕಡಿಮೆ ಆಗಿದ್ರ ಎಲ್5. ಪಾದದ ಹೊರಅಂಚು ಜೋಮು, ಹಿಮ್ಮಡಿ ಮೇಲಿನ ರಿಫ್ಲೆಕ್ಸ್ ಇಲ್ಲ ಅಂದ್ರ ಎಸ್1. ಗ್ಲೂಟಿಯಸ್ ಮಿನಿಮಸ್ ನೋವಿನ್ಯಾಗ ಜೋಮು ಬಂದಂಗ ಅನಸಬಹುದು, ಆದ್ರ ಹತ್ತಿ ಮುಟ್ಟಿಸಿದ್ರ ಎರಡೂ ಕಾಲಿಗೆ ಒಂದೇ ಥರ ತಿಳೀತದ, ಶಕ್ತೀನೂ ಹೋಗಿರೂದಿಲ್ಲ.

ಸ್ನಾಯು ಅಂತ ಖಾತ್ರಿ ಆದ್ರ ಮಗ್ಗುಲಿಗೆ ಮಲಗಿಸಿ, ಸೊಂಟದ ಏಣಿಗೂ ತೊಡೆಯೆಲುಬಿನ ಹೊರ ಗಂಟಿಗೂ ನಡುವ ಹುಡುಕ್ರಿ. 60ರಿಂದ 75 ಮಿ.ಮೀ. ಸೂಜಿ ಬೇಕು, ಎಲುಬಿನ ಹತ್ತಿರ ಮುಟ್ಟಬೇಕು. 40ರ ಸೂಜಿ ಗ್ಲೂಟಿಯಸ್ ಮೀಡಿಯಸ್‌ನ್ಯಾಗೇ ನಿಂತು ಬಿಡ್ತದ, ಆಮೇಲೆ "ಪಾಯಿಂಟ್ ಕೆಲಸ ಮಾಡಲಿಲ್ಲ" ಅಂತಾರ.

ಸೂಜಿಮೊನೆ:

ಜಿಬಿ 30 ಬಗ್ಗೆ ಇನ್ನಷ್ಟು. ತೊಡೆಯೆಲುಬಿನ ಹೊರ ಗಂಟಿನ ಉಬ್ಬಿನಿಂದ ತ್ರಿಕಾಸ್ಥಿಯ ಕೆಳಗಿನ ರಂಧ್ರಕ್ಕೆ ಗೆರೆ, ಅದರಲ್ಲಿ ಹೊರಗಿನ ಮೂರನೇ ಒಂದು ಭಾಗ ಮುಗಿಯುವಲ್ಲಿ ಬಿಂದು. ಮಗ್ಗುಲು ಮಲಗಿ ಮೇಲಿನ ಕಾಲು ಮಡಚಿರಬೇಕು. ಇಲ್ಲಿ ಕೆಳಗೆ ಸಯಾಟಿಕ್ ನರ ಇದೆ. ಪಾದದವರೆಗೆ ಕರೆಂಟ್ ಹೊಡೆದಂತೆ ಝುಮ್ಮೆಂದರೆ ನರ ತಾಗಿದೆ ಎಂದರ್ಥ. ಕೆಲವರು ಅದನ್ನೇ ಒಳ್ಳೆಯ ಫಲವೆಂದು ತಿರುಚುತ್ತಾ ಕೂರುತ್ತಾರೆ, ಮಾಡಬಾರದು. ಕೆಲವು ಮಿ.ಮೀ. ಹಿಂದೆಳೆದು ಬಿಡಿ. ನಮಗೆ ಬೇಕಾದದ್ದು ಮಂದವಾದ ಭಾರ, ಒಳಗೇ ಊದಿದಂತೆ, ಜಗ್ಗಿದಂತೆ ಆಗುವುದು. ಚೀನಿಯರು ದೇ-ಚಿ ಅನ್ನುವುದು ಅದಕ್ಕೆ. ಕರೆಂಟು, ಉರಿ, ಚುರುಕ್ ಅನ್ನುವ ನೋವು ದೇ-ಚಿ ಅಲ್ಲ.

ಜಿಬಿ 34 ಹಾಕುವಾಗ ಮಂಡಿಯ ಹೊರಗೆ ಸಣ್ಣ ಎಲುಬಿನ ತಲೆ ಸಿಗುತ್ತಲ್ಲ, ಅದರ ಮುಂದೆ, ಸ್ವಲ್ಪ ಕೆಳಗಿನ ತಗ್ಗು. ಎಲುಬಿನ ಕುತ್ತಿಗೆಯ ಹಿಂಬದಿಯಿಂದ ಸುತ್ತಿ ಬರುವ ಪೆರೋನಿಯಲ್ ನರಕ್ಕೆ ಪೆಟ್ಟಾದರೆ ಪಾದ ಜೋತುಬೀಳಬಹುದು. ಎರಡು ಎಲುಬಿನ ನಡುವಿನ ದಿಕ್ಕಿಗೆ ಮಾತ್ರ ಸೂಜಿ ಇರಲಿ. ಬಿಎಲ್ 40ರಲ್ಲಿ ಮಂಡಿ ಹಿಂದಿನ ಧಮನಿ, ಟಿಬಿಯಲ್ ನರ ಎರಡೂ ಕೆಳಗೇ ಇವೆ. ಅಲ್ಲಿ ರಕ್ತ ತೆಗೆಯುವ ಹಳೆಯ ಪದ್ಧತಿಯನ್ನು ಈಗ ಅನುಸರಿಸುವ ಅಗತ್ಯ ಯಾರಿಗೂ ಇಲ್ಲ.

ನರಜಾಲ:

ಒಳಾಂಗದ ನೋವಿಗೂ ಬಿಂದುವಿಗೂ ಗಂಟು ಹಾಕುವವರಿಗೆ ಒಂದು ಎಚ್ಚರಿಕೆ. ಹೃದಯದ ನೋವು ಎಡಗೈಯ ಒಳಬದಿ, ಕಿರುಬೆರಳಿನವರೆಗೆ ಇಳಿಯುವುದು ಹೃದಯ ಮೆರಿಡಿಯನ್ ಹೋಗುವ ದಾರಿಯೇ. ಪಿತ್ತಕೋಶದ ನೋವು ಬಲ ಹೆಗಲ ತುದಿಗೆ ಬರುವುದು ಡಯಾಫ್ರಮ್‌ನ ನರ ಸಿ3ರಿಂದ ಸಿ5ರವರೆಗೆ ಹುಟ್ಟುವುದರಿಂದ. ಅಪೆಂಡಿಕ್ಸ್ ಬೇನೆ ಮೊದಲು ಹೊಕ್ಕುಳ ಸುತ್ತ, ಅಂದರೆ ಟಿ10 ಪಟ್ಟಿಯಲ್ಲಿ ಬಂದು, ಉರಿಯೂತ ಹೊಟ್ಟೆಯ ಒಳಪದರ ಮುಟ್ಟಿದ ಮೇಲೆ ಬಲ ಕೆಳಹೊಟ್ಟೆಗೆ ಇಳಿಯುತ್ತೆ. ಹೆನ್ರಿ ಹೆಡ್ 1893ರಲ್ಲಿ ಒಳಾಂಗ ಕೆಟ್ಟಾಗ ಚರ್ಮದ ಯಾವ ಪಟ್ಟಿ ಮುಟ್ಟಿದರೆ ನೋಯುತ್ತೆ ಅಂತ ನಕ್ಷೆ ಮಾಡಿದ್ದು ಇದನ್ನೇ.

ಬೆನ್ನಿನ ಶು ಬಿಂದುಗಳನ್ನು, ಅಂದರೆ ಒಂದೊಂದು ಒಳಾಂಗಕ್ಕೆ ಒಂದೊಂದು ಅಂತ ಬೆನ್ನೆಲುಬಿನ ಪಕ್ಕ ಗುರುತಿಸಿದ ಬಿಂದುಗಳನ್ನು, ಇದರೊಂದಿಗೆ ಹೋಲಿಸಿದರೆ ಸ್ವಾರಸ್ಯ. ಶ್ವಾಸಕೋಶದ ಬಿಎಲ್ 13 ಟಿ3ರ ಮಟ್ಟ, ಹೃದಯದ ಬಿಎಲ್ 15 ಟಿ5ರ ಮಟ್ಟ, ಎರಡೂ ನರಗಳ ಲೆಕ್ಕಕ್ಕೆ ಹತ್ತಿರ. ಕೆಳಗೆ ಬಂದಂತೆ ಅಂತರ ಹೆಚ್ಚುತ್ತೆ: ಜಠರದ ಬಿಎಲ್ 21 ಟಿ12ರಲ್ಲಿ, ಜಠರದ ನರಗಳು ಟಿ5ರಿಂದ ಟಿ9. ಮೂತ್ರಪಿಂಡದ ಬಿಎಲ್ 23 ಎಲ್2ರಲ್ಲಿ, ನರಗಳು ಟಿ10ರಿಂದ ಎಲ್1. ಆದರೆ ಬೆನ್ನಿನ ಚರ್ಮಕ್ಕೆ ಬರುವ ನರದ ಕವಲುಗಳು ಹೊರಟ ಮಟ್ಟದಿಂದ ಕೆಳಗಿಳಿದು ಚರ್ಮ ಸೇರುತ್ತವೆ. ಹಾಗಾಗಿ ಎಲುಬು ಎಣಿಸಿ ಸಿಗುವ ಅಂತರಕ್ಕಿಂತ ನಿಜವಾದ ಅಂತರ ಕಡಿಮೆ. ಒರಟಾಗಿ ಹೊಂದುತ್ತೆ, ಕರಾರುವಾಕ್ಕಾಗಿ ಅಲ್ಲ.

ಅಪೆಂಡಿಕ್ಸ್ ಬಿಂದು ಅಂತ ಎಸ್‌ಟಿ 36ರಿಂದ ಸುಮಾರು 2 ಚುನ್ ಕೆಳಗೆ ಒಂದನ್ನು ತೋರಿಸುತ್ತಾರೆ, ಒತ್ತಿದರೆ ನೋವಿದ್ದರೆ ಅಪೆಂಡಿಸೈಟಿಸ್ ಅಂತ. ಆ ಸ್ನಾಯುವಿಗೆ ನರ ಎಲ್4, ಎಲ್5ರಿಂದ. ಅಪೆಂಡಿಕ್ಸ್‌ಗೆ ಟಿ10. ಬೆನ್ನುಹುರಿಯಲ್ಲಿ ಎರಡೂ ಸೇರುವ ಜಾಗವೇ ಇಲ್ಲ. ಕಾಲು ಒತ್ತಿ ನೋಡಿ ರೋಗಿಯನ್ನು ಮನೆಗೆ ಕಳಿಸುವ ಕೆಲಸ ಯಾರೂ ಮಾಡಬಾರದು. ಎದೆ-ಎಡಗೈ ನೋವಿನ ಜೊತೆ ಬೆವರು, ಬೆನ್ನುನೋವಿನ ಜೊತೆ ಮೂತ್ರ ಕಟ್ಟುವುದು ಅಥವಾ ಕೂರುವ ಜಾಗ ಮರಗಟ್ಟುವುದು, ಜ್ವರ, ತೂಕ ಇಳಿತ, ಮಲಗಿದರೂ ಬಿಡದ ರಾತ್ರಿ ನೋವು, ಇವು ಯಾವುದಿದ್ದರೂ ಸೂಜಿ ಪೊಟ್ಟಣ ಬಿಚ್ಚಬೇಡಿ.

ಮರ್ಮವಿಚಾರ:

ಒಂದು ಸಂದೇಹ. ನಮ್ಮ ಮರ್ಮಸ್ಥಾನಗಳೂ ಇವೂ ಒಂದೇ ಎಂದು ಈಚೆಗೆ ಎಲ್ಲೆಡೆ ಹೇಳುತ್ತಾರೆ. ಸುಶ್ರುತ 107 ಮರ್ಮ ಹೇಳುತ್ತಾನೆ. ಹೆಬ್ಬೆರಳು-ತೋರುಬೆರಳಿನ ನಡುವಿನ ಕ್ಷಿಪ್ರ ಮರ್ಮ ಮತ್ತು ಎಲ್‌ಐ 4 ಇರುವುದು ಒಂದೇ ಕಡೆ. ಆದರೆ ಸುಶ್ರುತನ ಪಟ್ಟಿಯ ಉದ್ದೇಶವೇ ಬೇರೆ, ಶಸ್ತ್ರ ತಾಗಿದರೆ ಏನು ಅಪಾಯ ಎನ್ನುವುದು. ಕ್ಷಿಪ್ರಕ್ಕೆ ಪೆಟ್ಟಾದರೆ ಆಕ್ಷೇಪಕದಿಂದ (ಸೆಳವಿನಿಂದ) ಸಾವು ಎನ್ನುತ್ತಾನೆ. ಚುಚ್ಚಬೇಡಿ ಎಂದವನ ಪಟ್ಟಿಯನ್ನು ಚುಚ್ಚುವವರ ಪಟ್ಟಿಗೆ ಅಂಟಿಸುವುದು ಸರಿಯೇ?

ಸೂಜಿಮೊನೆ:

ಸರಿಯಲ್ಲ, ನೀವು ಹೇಳಿದ್ದೇ ಉತ್ತರ. ಜಾಗ ಒಂದೇ ಇರುವುದಕ್ಕೆ ಅಲ್ಲಿ ಧಮನಿ, ನರ ಹತ್ತಿರ ಇರುವುದು ಸಾಕು. ಎರಡೂ ಪರಂಪರೆಯವರು ಮೈ ಮುಟ್ಟಿ ನೋಡಿದವರು.

ಎಲ್‌ಐ 4 ಹೇಗೂ ಬಂತು, ದೂರದ ಬಿಂದುಗಳ ಮಾತಿಗೆ ಬರೋಣ. ಚೀನಿಯರ ಹಳೆಯ ನಾಲ್ಕು ಸಾಲಿನ ಬಾಯಿಪಾಠವೊಂದಿದೆ: ಹೊಟ್ಟೆಗೆ ಎಸ್‌ಟಿ 36, ಸೊಂಟ-ಬೆನ್ನಿಗೆ ಬಿಎಲ್ 40, ತಲೆ-ಕುತ್ತಿಗೆಗೆ ಎಲ್‌ಯು 7, ಮುಖ-ಬಾಯಿಗೆ ಎಲ್‌ಐ 4. ಬಲಗೆನ್ನೆಯ ಹಲ್ಲುನೋವಿಗೆ ಎಡಗೈ ಎಲ್‌ಐ 4 ಎನ್ನುವುದು ಮೆರಿಡಿಯನ್ ಮೇಲ್ದುಟಿಯ ಹತ್ತಿರ ಎಡಬಲ ದಾಟುತ್ತದೆ ಎಂಬ ನಂಬಿಕೆಯಿಂದ.

ನರಜಾಲ:

ಅಲ್ಲಿ ನನಗೆ ತಕರಾರಿದೆ. ಹಣೆಯ ತಲೆನೋವಿಗೆ ಕುತ್ತಿಗೆಯ ಹಿಂದಿನ ಜಿಬಿ 20 ಎಂದರೆ ಒಪ್ಪುತ್ತೇನೆ: ಮುಖದ ಟ್ರೈಜೆಮಿನಲ್ ನರದ ಕೇಂದ್ರ ಬೆನ್ನುಹುರಿಯಲ್ಲಿ ಸಿ2, ಸಿ3ರವರೆಗೆ ಇಳಿದು ಕುತ್ತಿಗೆಯ ನರಗಳ ಜೊತೆ ಸೇರುತ್ತೆ. ಎಲ್‌ಐ 4ಕ್ಕೆ ಅಂಥ ದಾರಿ ಇಲ್ಲ. ಚರ್ಮಕ್ಕೆ ರೇಡಿಯಲ್ ನರ, ಕೆಳಗಿನ ಸ್ನಾಯುವಿಗೆ ಅಲ್ನಾರ್ ನರ, ಸಿ8-ಟಿ1. ಮುಖದ ನೋವು ಇಳಿದರೆ ಅದು ಮಿದುಳಿನಿಂದ ಕೆಳಗಿಳಿಯುವ ನೋವುತಡೆಯಿಂದ. ಒಂದು ಕಡೆ ಬಲವಾಗಿ ನೋಯಿಸಿದರೆ ಇನ್ನೆಲ್ಲೋ ಇರುವ ನೋವು ತಗ್ಗುತ್ತೆ ಎಂದು ಲೆ ಬಾರ್ ಗುಂಪು 1979ರಲ್ಲಿ ಇಲಿಗಳಲ್ಲಿ ತೋರಿಸಿತು. ಅದಕ್ಕೆ ಇಂಥದ್ದೇ ಬಿಂದು ಬೇಕಿಲ್ಲ, ಸಾಕಷ್ಟು ಬಲವಾದ ಪ್ರಚೋದನೆ ಬೇಕು. ಕೈಯ ಆ ಜಾಗದಲ್ಲಿ ದಪ್ಪ ಸ್ನಾಯು ಇದೆ, ಸುಲಭಕ್ಕೆ ಸಿಗುತ್ತೆ, ಜೋರಾಗಿ ದೇ-ಚಿ ಬರುತ್ತೆ. ಕಾರಣ ಅಷ್ಟೇ ಇರಬೇಕು. ಎಸ್‌ಟಿ 38 ಮತ್ತು ಭುಜದ್ದೂ ಇದೇ ಕಥೆ.

ಫಿಸಿಯೋ ಧಾರವಾಡ:

ಎಸ್‌ಟಿ 38ರಾಗ ಇನ್ನೊಂದು ಸೂಕ್ಷ್ಮ ಐತ್ರಿ. ಅದನ್ನ ಹಾಕೂ ರೀತಿ ನೋಡ್ರಿ: ಸೂಜಿ ತಿರುವುತ್ತಿರುವಾಗಲೇ ರೋಗಿಗೆ ಕೈ ಮ್ಯಾಲೆತ್ತಾಕ ಹೇಳ್ತಾರ. ನೋವಿನ ಅಂಜಿಕೆಯಿಂದ ಎತ್ತದವರು ಆಗ ಎತ್ತತಾರ. ಕೆಲಸ ಮಾಡಿದ್ದು ಅರ್ಧ ಆ ಚಲನೆ ಅಂತ ನನ್ನ ಲೆಕ್ಕ. ಕಾಲಿಗೆ ಸೂಜಿ ಹಾಕಿ 20 ನಿಮಿಷ ಸುಮ್ಮನ ಮಲಗಿಸಿದ್ರ ಅಷ್ಟು ಫಲ ನಿರೀಕ್ಷೆ ಮಾಡಬ್ಯಾಡ್ರಿ.

ಮ್ಯೂನಿಕ್ ಕನ್ನಡಿಗ:

ಇಲ್ಲಿ ಜರ್ಮನಿಯ ಪ್ರಯೋಗಗಳನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತೆ. 2007ರಲ್ಲಿ ಬಂದ ಬೆನ್ನುನೋವಿನ ಪ್ರಯೋಗದಲ್ಲಿ 1,162 ರೋಗಿಗಳು. ಸರಿಯಾದ ಬಿಂದು, ಸರಿಯಾದ ಆಳ: ಶೇ 47.6 ಮಂದಿಗೆ ಗುಣ. ಬಿಂದುವಲ್ಲದ ಕಡೆ ಮೇಲ್ಮೇಲೆ ಚುಚ್ಚಿದ್ದು: ಶೇ 44.2. ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆ: ಶೇ 27.4. 2005ರ ಮೈಗ್ರೇನ್ ಪ್ರಯೋಗದಲ್ಲಿ 302 ಜನ, ನಿಜ ಸೂಜಿಗೆ ಶೇ 51, ಹುಸಿ ಸೂಜಿಗೆ ಶೇ 53, ಕಾಯುವ ಪಟ್ಟಿಯವರಿಗೆ ಶೇ 15. ಸುಮ್ಮನಿರುವುದಕ್ಕಿಂತ ಸೂಜಿ ವಾಸಿ, ಆದರೆ ಯಾವ ಜಾಗ ಅನ್ನುವುದು ಅಷ್ಟೇನೂ ಮುಖ್ಯವಾಗಲಿಲ್ಲ. ಇಷ್ಟರ ಮೇಲೆ ಇಲ್ಲಿನ ಸರ್ಕಾರಿ ವಿಮೆ 2007ರಿಂದ ಹಳೆಯ ಸೊಂಟನೋವು ಮತ್ತು ಮಂಡಿ ಸವೆತಕ್ಕೆ ಹಣ ಕೊಡುತ್ತೆ, ಮೈಗ್ರೇನ್‌ಗೆ ಕೊಡುವುದಿಲ್ಲ. ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ 2016ರಲ್ಲಿ ಸೊಂಟನೋವಿಗೆ ಬೇಡ ಎಂದು, 2021ರಲ್ಲಿ ಮೂಲ ಕಾರಣ ಸಿಗದ ದೀರ್ಘಕಾಲದ ನೋವಿಗೆ ಪರಿಗಣಿಸಬಹುದು ಎಂದಿತು.

ಸೂಜಿಮೊನೆ:

ಅಂಕಿ ಸರಿ. ಅದರ ಜೊತೆಗೆ ಇದನ್ನೂ ಸೇರಿಸಿ: ವಿಕರ್ಸ್ ಗುಂಪು 2018ರಲ್ಲಿ 39 ಪ್ರಯೋಗಗಳ 20,827 ರೋಗಿಗಳ ಮಾಹಿತಿ ಒಟ್ಟು ಹಾಕಿದಾಗ ಹುಸಿಗಿಂತ ನಿಜ ಸೂಜಿ ಸ್ವಲ್ಪ ಮೇಲು ಬಂತು. ವ್ಯತ್ಯಾಸ ಸಣ್ಣದು, ಇಲ್ಲವೆಂದಲ್ಲ. ಹುಸಿ ಸೂಜಿ ಚರ್ಮದ ನರವನ್ನು ಮುಟ್ಟಿಯೇ ಮುಟ್ಟುತ್ತೆ, ಅದು ಸಕ್ಕರೆ ಗುಳಿಗೆ ಅಲ್ಲ. ಅಷ್ಟಾದರೂ ಪುಸ್ತಕದ ಜಾಗಕ್ಕೆ ಪೂಜೆ ಮಾಡುತ್ತಾ ಕೂರುವುದಕ್ಕೆ ಈ ಅಂಕಿ ಅವಕಾಶ ಕೊಡುವುದಿಲ್ಲ, ಡಾಕ್ಟ್ರು ಹೇಳುವುದು ನಿಜ. ಬೆರಳಿಗೆ ಸಿಕ್ಕ ಬಿಗಿ ಎಳೆಯನ್ನು ಬಿಟ್ಟು ಗೆರೆಯ ಮೇಲಿನ ಬಿಂದುವಿಗೆ ಹೋಗಬೇಡಿ ಅನ್ನುವುದೂ ಇದಕ್ಕೇ.

ಜಾಗ ನಿಜವಾಗಿ ಮುಖ್ಯವಾಗುವುದು ಅಪಾಯದ ಲೆಕ್ಕದಲ್ಲಿ. ಹೆಗಲ ಮೇಲಿನ ಜಿಬಿ 21ಕ್ಕೆ ನೇರ ಕೆಳಗೆ ಚುಚ್ಚಿದರೆ ಶ್ವಾಸಕೋಶದ ತುದಿ. ಟ್ರಪೀಜಿಯಸ್ ಸ್ನಾಯುವನ್ನು ಹೆಬ್ಬೆರಳು-ತೋರುಬೆರಳಲ್ಲಿ ಹಿಡಿದೆತ್ತಿ, ಹಿಡಿದ ಮಾಂಸದೊಳಗೇ ಮುಂದಿನಿಂದ ಹಿಂದಕ್ಕೆ ಅಡ್ಡ ಸಾಗಿಸಿ. ಹೆಗಲೆಲುಬಿನ ಒಳಅಂಚಿನ ಬಿಎಲ್ ಬಿಂದುಗಳಲ್ಲಿ ಶ್ವಾಸಕೋಶ 10ರಿಂದ 20 ಮಿ.ಮೀ. ಆಳದಲ್ಲೇ ಇರಬಹುದು, ಅಲ್ಲಿ ಬೆನ್ನೆಲುಬಿನ ಕಡೆಗೆ ಓರೆಯಾಗಿ. ಸಣಕಲು ಮೈಯವರು, ಎಂಫಿಸೀಮಾ (ಶ್ವಾಸಕೋಶ ಊದಿಕೊಳ್ಳುವ ಕಾಯಿಲೆ) ಇರುವವರಲ್ಲಿ ಇನ್ನೂ ಜೋಪಾನ. ನ್ಯುಮೊಥೊರಾಕ್ಸ್ (ಶ್ವಾಸಕೋಶಕ್ಕೆ ತೂತಾಗಿ ಎದೆಯೊಳಗೆ ಗಾಳಿ ಸೇರುವುದು) ಲಕ್ಷಣ ಮನೆಗೆ ಹೋದ ಮೇಲೆ ಗಂಟೆಗಟ್ಟಲೆ ಬಿಟ್ಟು ಬರಬಹುದು: ಉಸಿರೆಳೆದರೆ ಎದೆಯಲ್ಲಿ ಚುಳುಕು, ಒಣಕೆಮ್ಮು, ಏದುಸಿರು. ರೋಗಿಗೆ ಮೊದಲೇ ಹೇಳಿ ಕಳಿಸಿ. ಎದೆಮೂಳೆಯ ನಡುವಿನ ಆರ್‌ಇಎನ್ 17ಕ್ಕೆ ಸೂಜಿ ಚರ್ಮದಡಿ ಅಡ್ಡ ಮಾತ್ರ. ಕೆಲವರಿಗೆ ಹುಟ್ಟಿನಿಂದಲೇ ಆ ಮೂಳೆಯಲ್ಲಿ ತೂತಿರುತ್ತೆ, ಕೆಳಗೆ ಹೃದಯ.

ಬಸುರಿಯರಿಗೆ ಎಲ್‌ಐ 4, ಎಸ್‌ಪಿ 6 ಬೇಡ ಅನ್ನುವುದು ಪರಂಪರೆ, ಪಾಲಿಸಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಆಳದ ಸ್ನಾಯುಗಳನ್ನು ಮುಟ್ಟಬೇಡಿ, ಒಳಗೇ ರಕ್ತ ಕಟ್ಟಿಕೊಂಡರೆ ಹೊರಗೆ ಕಾಣುವುದಿಲ್ಲ.

ಬಿಎನ್‌ವೈಎಸ್ ಇಂಟರ್ನ್:

ಎಲ್ಲರಿಗೂ ಧನ್ಯವಾದ. ಕೊನೆಗೆ ಎರಡು. ರೋಗಿಯ ನೋವಿನ ಜಾಗವನ್ನು ದಾಖಲೆಯಲ್ಲಿ ಹೇಗೆ ಬರೆಯಬೇಕು? ಅದುರಿದ ಸ್ನಾಯು ಸೂಜಿಯನ್ನು ಕಚ್ಚಿ ಹಿಡಿದರೆ ಏನು ಮಾಡಬೇಕು?

ಫಿಸಿಯೋ ಧಾರವಾಡ:

ಬರಿಯೂದು ನೀವಲ್ರಿ, ರೋಗಿ ಕೈಯಾಗ ಪೆನ್ನು ಕೊಡ್ರಿ. ಮುಂದ, ಹಿಂದ ಎರಡೂ ಇರೂ ಮೈಚಿತ್ರದ ಮ್ಯಾಲೆ ಅವರೇ ಗೀಚಲಿ. ಅದಕ್ಕೂ ಮೊದಲು ಕೈಯಿಂದ ತೋರಸ್ರಿ ಅನ್ರಿ. ಒಂದೇ ಬೆರಳಿಟ್ಟು ತೋರಿಸಿದ್ರ ಮೂಲ ಅಲ್ಲೇ ಇರೂ ಸಾಧ್ಯತೆ ಹೆಚ್ಚು. ಅಂಗೈಯಿಂದ ಸವರಿ "ಈ ಕಡೆ ಎಲ್ಲಾ" ಅಂದ್ರ ಬ್ಯಾರೆ ಕಡೆಯಿಂದ ಬಂದ ನೋವು ಇರಬಹುದು. ಬೆರಳಿಂದ ಸಣ್ಣ ಗೆರೆ ಎಳೆದು ತೋರಿಸಿದ್ರ ನರ. ಇದು ಸುಳಿವು ಅಷ್ಟೇ, ತೀರ್ಪಲ್ಲ. ನೀವು ಒತ್ತಿದ ಜಾಗಕ್ಕ ಬ್ಯಾರೆ ಬಣ್ಣದಿಂದ ಚುಕ್ಕಿ ಇಡ್ರಿ, ಅಲ್ಲಿಂದ ನೋವು ಹರಡಿದ ಕಡೆಗೆ ಬಾಣದ ಗುರುತು ಹಾಕ್ರಿ. ಸೊನ್ನೆಯಿಂದ ಹತ್ತರ ಅಂಕಿ, ಕೈ ಎಷ್ಟು ಡಿಗ್ರಿ ಎತ್ತಿದರು, ಎರಡೂ ಪ್ರತಿ ಸಲ. ಮರುದಿನ ಚುಚ್ಚಿದಲ್ಲಿ ಮೂಗೇಟಾದಂಗ ನೋಯೂದು ಒಂದೆರಡು ದಿನ ಇರ್ತದ, ಅದನ್ನ ಮೂಲ ನೋವಿನ ಜೋಡಿ ಕೂಡಿಸಬ್ಯಾಡ್ರಿ. ನಾಲ್ಕರಿಂದ ಆರು ಸಲ ಹಾಕಿದ್ರೂ ಚಿತ್ರ ಬದಲಾಗಲಿಲ್ಲ ಅಂದ್ರ ಬಿಂದು ಬದಲಿಸೂದು ಬಿಟ್ಟು ರೋಗನಿರ್ಣಯ ಮತ್ತೊಮ್ಮೆ ನೋಡ್ರಿ.

ಸೂಜಿಮೊನೆ:

ಕಚ್ಚಿಕೊಂಡ ಸೂಜಿಯನ್ನು ಎಳೆದಾಡಬೇಡಿ. ಒಂದೇ ದಿಕ್ಕಿಗೆ ತಿರುವಿದ್ದರೆ ನಾರು ಸುತ್ತಿಕೊಂಡಿರುತ್ತೆ, ಮೊದಲು ಹಿಂದಕ್ಕೆ ತಿರುವಿ. ಸ್ನಾಯು ಬಿಗಿದದ್ದಾದರೆ ಕೆಲವು ನಿಮಿಷ ಬಿಡಿ, ಸುತ್ತಮುತ್ತ ಬೆರಳಿಂದ ಮೆಲ್ಲಗೆ ತಟ್ಟಿ. ಆಗಲೂ ಬರದಿದ್ದರೆ ಎರಡು ಮೂರು ಸೆಂ.ಮೀ. ದೂರದಲ್ಲಿ ಇನ್ನೊಂದು ಸೂಜಿ ಹಾಕಿ, ಮೊದಲನೆಯದು ಸಡಿಲವಾಗುತ್ತೆ. ರೋಗಿ ಮಗ್ಗುಲು ಬದಲಿಸಿ ಸೂಜಿ ಬಾಗಿದ್ದರೆ ಅವರನ್ನು ಮೊದಲಿದ್ದ ಭಂಗಿಗೇ ತಂದು, ಬಾಗಿದ ದಿಕ್ಕನ್ನೇ ಅನುಸರಿಸಿ ನಿಧಾನಕ್ಕೆ ತೆಗೆಯಿರಿ. ಬಾಗಿದ ಸೂಜಿಯನ್ನು ನೆಟ್ಟಗೆ ಮಾಡಿ ಮತ್ತೆ ಬಳಸುವವರಿದ್ದಾರೆ. ಒಂದು ಸೂಜಿ ಒಂದೇ ಸಲಕ್ಕೆ, ನೇರ ಶಾರ್ಪ್ಸ್ ಡಬ್ಬಿಗೆ. ಕೊನೆಗೆ ಹಾಕಿದ್ದೆಷ್ಟು, ತೆಗೆದದ್ದೆಷ್ಟು ಎಣಿಸಿ. ಕೂದಲಿನೊಳಗಿನ ಜಿಬಿ 20 ಮರೆತು ರೋಗಿಯನ್ನು ಎಬ್ಬಿಸುವುದು ಸಾಮಾನ್ಯ.